ಲಿಲಾವಿನಲ್ಲಿ ಬಂದ ದಂಡಿನ ಸಾಮಾನು



ಹರಾಜು, ಲಿಲಾವು ಎಂಬ ಎರಡು ಮಾತುಗಳನ್ನು ನಾವು ದಿನವೂ ಬಳಸುತ್ತೇವೆ. ಎರಡೂ ಅಚ್ಚಗನ್ನಡದವಲ್ಲ. ಮೊದಲನೆಯದು ಅರಬ್ಬೀ ಮೂಲದ್ದು. ಹಿಂದುಸ್ತಾನಿಯ ಕೈಹಿಡಿದು ನಮ್ಮ ಸೀಮೆಗೆ ಬಂದಿತು. ಎರಡನೆಯದು ಪೋರ್ತುಗೀಜರ ಹಡಗಿನಿಂದ ಪಡುವಣ ಕರಾವಳಿಯಲ್ಲಿ ಇಳಿದದ್ದು. ಅವರು 'ಲೆಯ್ಲಾಂವ್' ಎನ್ನುತ್ತಿದ್ದುದೇ ನಮ್ಮ ಬಾಯಲ್ಲಿ ಲಿಲಾವು ಆಯಿತು. ಖಾಕಿ ಎಂಬುದು ಪಾರಸಿ ಮಾತು. ಖಾಕ್ ಎಂದರೆ ಮಣ್ಣು, ಧೂಳು. ದಂಡಿನ ಹಳೆಯ ಸಾಮಾನನ್ನು ಕುರಿತು ಒಂದು ವಾಕ್ಯ ಆಡಬೇಕಾದರೂ ಹೀಗೆ ಮೂರು ದೇಶದ ನುಡಿ ನಮ್ಮ ನಾಲಗೆಯ ಮೇಲೆ ಸುಳಿದುಹೋಗುತ್ತದೆ. ಸಾಮಾನಿನ ಕಥೆಯೂ ಹಾಗೆಯೇ. ಅದರ ಮೈಮೇಲೆ ನಾಲ್ಕಾರು ದೇಶದ ಅಕ್ಷರ, ಅಂಕೆ, ಗುರುತುಗಳು ಬಿದ್ದಿರುತ್ತವೆ. ಅವನ್ನು ಓದುವ ಬಗೆ ಹೇಗೆ, ಓದದೆ ಬಿಟ್ಟರೆ ಏನಾದೀತು ಎಂಬುದನ್ನು ತಮ್ಮೊಡನೆ ಒಂದಿಷ್ಟು ಮಾತನಾಡಬೇಕೆಂದಿದ್ದೇನೆ.

ಕನ್ನಡ ಪಂಡಿತನಿಗೂ ದಂಡಿನ ಸಾಮಾನಿಗೂ ಏನು ನಂಟು ಎಂದು ತಾವು ಕೇಳಬಹುದು. ನಂಟು ಹಚ್ಚಿದವರು ಭೀಮಸಮುದ್ರದ ಒಬ್ಬ ಅಡಿಕೆ ವರ್ತಕರು. ಭೀಮಸಮುದ್ರವೆಂದರೆ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯವರಿಗೆ ದೊಡ್ಡ ಕೆರೆ, ಅಡಿಕೆ ಮಂಡಿ ಇವೆರಡೂ ಒಟ್ಟಿಗೇ ನೆನಪಾಗುತ್ತವೆ. ಬೇಯಿಸಿದ ಅಡಿಕೆಯನ್ನು ಒಣಹಾಕಲು, ಮೋಡ ಕವಿದಾಗ ಮುಚ್ಚಲು ಗಟ್ಟಿ ಟಾರ್ಪಾಲು ಬೇಕು. ಅದಕ್ಕೆ ಮಿಲಿಟರಿ ಟಾರ್ಪಾಲಿನಷ್ಟು ಬಾಳುವುದು ಬೇರೊಂದಿಲ್ಲ. ಆ ಆಸೆಗೆ ಅವರು ಬೆಂಗಳೂರಿನ ಗುಜರಿಯವನೊಬ್ಬನ ಜೊತೆ ಕೂಡಿ ಹರಾಜಿನ ಒಂದು 'ಲಾಟು' ಹಿಡಿದರು. ಲಾಟು ಎಂದರೆ ಗೊತ್ತಲ್ಲ, ಇಡೀ ರಾಶಿಗೆ ಒಂದೇ ಕೂಗು. ಬೇಕಾದ್ದನ್ನು ಆರಿಸಿಕೊಂಡು ಬೇಡವಾದದ್ದನ್ನು ಬಿಡುವಂತಿಲ್ಲ. 'ಇದ್ದಲ್ಲಿ ಇದ್ದಂತೆ' ಎಂಬುದೇ ಕರಾರು. ಟಾರ್ಪಾಲು ಬಂದವು, ಅವುಗಳ ಹೊಟ್ಟೆಯೊಳಗೆ ಡಬ್ಬಿಗಳು, ಪಟ್ಟಿಗಳು, ಪೆಟ್ಟಿಗೆಗಳು, ಗಾಜು ಮುಚ್ಚಿದ ಯಂತ್ರಗಳು, ಹೆಸರು ಗೊತ್ತಿಲ್ಲದ ಕಬ್ಬಿಣ, ಹಿತ್ತಾಳೆ ಎಲ್ಲವೂ ಬಂದವು. ರಾಶಿ, ಬೆಟ್ಟೆ, ಗೊರಬಲು ಎಂದು ಕಣ್ಣಳತೆಯಲ್ಲೇ ಅಡಿಕೆ ವಿಂಗಡಿಸಬಲ್ಲ ಮನುಷ್ಯ ಈ ರಾಶಿಯ ಮುಂದೆ ಕೈಕಟ್ಟಿ ನಿಂತರು. 'ಇದರ ಮೇಲೆಲ್ಲ ಅಕ್ಷರ ಇವೆ ಮೇಷ್ಟ್ರೆ, ತಾವು ಶಾಸನ ಓದುವವರು' ಎಂದು ನನ್ನನ್ನು ಕರೆಸಿದರು.

ಮಾತು ಅಷ್ಟೇನೂ ತಪ್ಪಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಬಂಡೆ ಶಾಸನವಿದೆ. ಅಲ್ಲಿಯೇ ನೆಲ ಅಗೆದಾಗ ರೋಮಿನ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕವು. ನಾಣ್ಯದ ಮೇಲಿನ ಮುಖವನ್ನು ಗುರುತಿಸಿದರೆ ಅದು ಬಿದ್ದಿದ್ದ ಮಣ್ಣಿನ ಪದರಕ್ಕೆ ಒಂದು ಕಾಲ ಹೇಳಬಹುದು. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರರು ಅದಕ್ಕೆ ಮುನ್ನ ಎರಡನೆಯ ಮಹಾಯುದ್ಧದಲ್ಲಿ ಬ್ರಿಗೇಡಿಯರ್ ಆಗಿದ್ದವರು. ದಂಡಿನವರು ಮಣ್ಣು ಅಗೆದು ಅಕ್ಷರ ನೋಡಬಹುದಾದರೆ, ಅಕ್ಷರದವನು ದಂಡಿನ ಡಬ್ಬಿ ನೋಡಬಾರದೇಕೆ?

ಮೊದಲು ಹುಡುಕಬೇಕಾದದ್ದು ಬಾಣ. ಕಾಗೆಯ ಹೆಜ್ಜೆಯಂತೆ ಮೂರು ಗೆರೆ ಮೇಲೆ ಒಂದು ಬಿಂದುವಿನಲ್ಲಿ ಕೂಡುವ ಗುರುತು. ಬ್ರಿಟಿಷ್ ಸರಕಾರದ ಸ್ವತ್ತಿಗೆಲ್ಲ ಶತಮಾನಗಳ ಕಾಲ ಹಾಕುತ್ತಿದ್ದ ಠಸ್ಸೆ ಇದು. ಬಾಣದ ಎರಡು ಬದಿಗೆ ಡಬ್ಲ್ಯೂ, ಡಿ ಎಂಬ ಅಕ್ಷರಗಳಿದ್ದರೆ ಇಂಗ್ಲೆಂಡಿನ ಯುದ್ಧ ಇಲಾಖೆಯದು. ಬಾಣದ ಕೆಳಗೆ ಐ ಎಂಬ ಒಂದೇ ಅಕ್ಷರ ನಿಂತಿದ್ದರೆ ನಮ್ಮದು, ಇಂಡಿಯಾ ದೇಶದ್ದು. ಸಿ ಎಂಬ ಅಕ್ಷರದ ಹೊಟ್ಟೆಯಲ್ಲಿ ಬಾಣವಿದ್ದರೆ ಕೆನಡಾ. ಎರಡು ಡಿ ಅಕ್ಷರಗಳ ನಡುವೆ ಇದ್ದರೆ ಆಸ್ಟ್ರೇಲಿಯಾ. ಯು ಅಕ್ಷರದೊಳಗೆ ನೆಟ್ಟಿದ್ದರೆ ದಕ್ಷಿಣ ಆಫ್ರಿಕಾ. ಅಮೆರಿಕದವರಿಗೆ ಬಾಣದ ಗೊಡವೆ ಇಲ್ಲ, ಯು.ಎಸ್. ಎಂದು ಎರಡು ಅಕ್ಷರ ಒತ್ತಿ ಮುಗಿಸುತ್ತಾರೆ. ಕಿರೀಟದ ಜೊತೆ ಎ.ಎಂ. ಎಂದಿದ್ದರೆ ಅದು ವಿಮಾನ ಖಾತೆಯ ಸಾಮಾನು. ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿದ್ದರೆ 'ಸೇವೆಯಿಂದ ಬಿಡುಗಡೆಯಾಗಿ ಮಾರಾಟವಾಯಿತು' ಎಂದು ಅರ್ಥ. ನಮ್ಮ ವರ್ತಕರಿಗೆ ಎಲ್ಲಕ್ಕಿಂತ ಹಿಡಿಸಿದ ಗುರುತು ಇದೇ. 'ಇದು ಪಿಂಚಣಿ ಕಾಗದ ಇದ್ದಂತೆ' ಎಂದರು.

ಬಾಣದಿಂದ ದೇಶ ತಿಳಿಯಿತು. ಕಾಲ ತಿಳಿಯುವುದು ಕಿರೀಟದಿಂದ. ನಮ್ಮ ದೇಶದ ಬಂದೂಕು ಕಾರ್ಖಾನೆ ಬಂಗಾಳದ ಇಷಾಪುರದಲ್ಲಿತ್ತು. ಅಲ್ಲಿಯ ಕೋವಿಗಳ ಮೇಲೆ ಆರನೆಯ ಜಾರ್ಜ್ ದೊರೆಯ ಕಾಲದಲ್ಲಿ ಕಿರೀಟವೂ ಜಿ.ಆರ್.ಐ. ಎಂಬ ಮೂರು ಅಕ್ಷರಗಳೂ ಇರುತ್ತಿದ್ದವು. ಜಾರ್ಜ್ ದೊರೆ, ಚಕ್ರವರ್ತಿ ಎಂದು ಲ್ಯಾಟಿನ್ ಬಿರುದಿನ ಹ್ರಸ್ವರೂಪ ಅದು. ಸ್ವಾತಂತ್ರ್ಯ ಬಂದ ಮೇಲೆ ಕಿರೀಟ ಇಳಿಯಿತು. ಅಶೋಕನ ಸಿಂಹಗಳು ಆ ಜಾಗಕ್ಕೆ ಬಂದವು. ಬ್ರಹ್ಮಗಿರಿಯ ಬಂಡೆಯ ಮೇಲೆ ಶಾಸನ ಬರೆಸಿದ ಆ ಅಶೋಕನದೇ ಸಿಂಹ. ಕಳಿಂಗದ ರಕ್ತ ನೋಡಿ ಯುದ್ಧಕ್ಕೆ ಕೈಮುಗಿದ ಅರಸನ ಚಿಹ್ನೆ ಕೋವಿಯ ಮೇಲೆ ಬಂದು ಕುಳಿತದ್ದನ್ನು ಕಂಡು ನನಗೆ ಒಂದು ಗಳಿಗೆ ಮಾತು ಹೊರಡಲಿಲ್ಲ. ಅದಿರಲಿ.

ಅಂಕೆಗಳಿಗೂ ಒಂದು ವ್ಯಾಕರಣವಿದೆ. ತೀರ ಈಚಿನ ಸಾಮಾನಿನ ಮೇಲೆ 13 ಅಂಕೆಗಳ ಒಂದು ಸಾಲು ಕಾಣುತ್ತದೆ. ಮೊದಲ 4 ಅಂಕೆ ವಸ್ತುವಿನ ವರ್ಗ. ಅದರ ಮುಂದಿನ 2 ಅಂಕೆ ಆ ಸಂಖ್ಯೆ ಕೊಟ್ಟ ದೇಶ. 00 ಅಥವಾ 01 ಇದ್ದರೆ ಅಮೆರಿಕ, 99 ಇದ್ದರೆ ಬ್ರಿಟನ್, 12 ಇದ್ದರೆ ಜರ್ಮನಿ, 72 ಇದ್ದರೆ ಭಾರತ. ಅಮೆರಿಕದ ವಸ್ತುವಿನ ಮೇಲೆ 13ರ ಬದಲು 11 ಅಂಕೆಗಳಷ್ಟೇ ಇದ್ದರೆ ಅದು 1974ಕ್ಕಿಂತ ಹಿಂದಿನ ಪದ್ಧತಿಯದು. ಇಷ್ಟು ತಿಳಿದರೆ ಅರ್ಧ ರಾಶಿಗೆ ಊರು, ಕಾಲ ಹಚ್ಚಬಹುದು.

ಇನ್ನು ಡಬ್ಬಿಗಳು. ಮೇಲೆ ಸಾಲಾಗಿ ಮೂರು ಹಿಡಿಕೆ ಇರುವ, ಪಕ್ಕೆಗೆ ಗುಣಾಕಾರದ ಗೀಟು ಒತ್ತಿದ ಕಬ್ಬಿಣದ ಡಬ್ಬಿಯನ್ನು ತಾವು ನೋಡಿರಬೇಕು. ಅದರ ಹೆಸರು ಜೆರಿಕ್ಯಾನ್. ಆಂಗ್ಲ ಸಿಪಾಯಿಗಳು ಜರ್ಮನರನ್ನು ಹೀಯಾಳಿಸಿ ಕರೆಯುತ್ತಿದ್ದ ಹೆಸರು ಜೆರಿ. ಆಂಗ್ಲರ ಸ್ವಂತ ಪೆಟ್ರೋಲ್ ಡಬ್ಬಿ ತೆಳು ತಗಡಿನದು. ಮರುಭೂಮಿಯಲ್ಲಿ ಸೋರಿ ಸೋರಿ ಪೆಟ್ರೋಲು ಮರಳಿನ ಪಾಲಾಗುತ್ತಿತ್ತು. ಶತ್ರುವಿನ ಡಬ್ಬಿ ಕೈಗೆ ಸಿಕ್ಕಾಗ ಅದರ ಗುಣ ಕಂಡು ಅದನ್ನೇ ನಕಲು ಮಾಡಿದರು, ಹೆಸರನ್ನು ಮಾತ್ರ ಬಿಡಲಿಲ್ಲ. 20 ಲೀಟರ್ ಹಿಡಿಯುತ್ತದೆ. ಮೂರು ಹಿಡಿಕೆ ಯಾಕೆಂದರೆ, ತುಂಬಿದ ಡಬ್ಬಿಯನ್ನು ಇಬ್ಬರು ಎರಡು ಕಡೆ ಹಿಡಿಯಬಹುದು. ಖಾಲಿಯಾದವನ್ನು ಒಬ್ಬನೇ ಒಂದು ಕೈಯಲ್ಲಿ ಎರಡೆರಡು ಒಯ್ಯಬಹುದು. ಎಷ್ಟು ಸಣ್ಣ ಯೋಚನೆ, ಎಷ್ಟು ದೊಡ್ಡ ಅನುಕೂಲ! ತೋಟದ ಪಂಪಿನ ಡೀಸೆಲ್ಲಿಗೆ ಇದು ಒಳ್ಳೆಯದೇ. ಆದರೆ ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬೇಡ. ಹಿಂದಿನ ಪೆಟ್ರೋಲಿನಲ್ಲಿ ಸೀಸ ಬೆರೆತಿರುತ್ತಿತ್ತು.

ಬಟ್ಟೆಯ ಸಂಗತಿಯನ್ನು ಬೇಗ ಮುಗಿಸುತ್ತೇನೆ. ಪ್ಯಾರಾಚೂಟಿನ ಬಟ್ಟೆ ಎಂದು ಯಾರಾದರೂ ಮಾರಿದರೆ ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿರಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ರೇಷ್ಮೆ. ಕರಗಿ ಮಣಿಯಾದರೆ ನೈಲಾನ್. ಎರಡನೆಯ ಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಮೈಸೂರು ಸೀಮೆಯ ನೂಲು ಬಿಚ್ಚುವ ಕಾರ್ಖಾನೆಗಳಿಗೆ ಕೈತುಂಬ ಕೆಲಸ ಬಂದಿತ್ತು. ಖಾಕಿ ಬಣ್ಣಕ್ಕೂ ನಮ್ಮ ನಾಡಿನ ನಂಟುಂಟು. ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆಯ ಮನೆಯಲ್ಲಿ ಹಾಲರ್ ಎಂಬ ಕುಶಲಿ 1850ರ ದಶಕದಲ್ಲಿ ಖಾಕಿ ಬಣ್ಣ ಹದಮಾಡಿದನೆಂದು ಆ ಕಡೆಯವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಹರಾಜಿನ ಸಾಮಾನೆಂದರೆ ತೂಕದ ಕಬ್ಬಿಣವೆಂದು ಮೂಗು ಮುರಿಯುವವರಿಗೆ ಬೆಂಗಳೂರಿನದೇ ಒಂದು ಸಂಗತಿ ಹೇಳಬೇಕು. ಯುದ್ಧ ಮುಗಿದಾಗ ಅಮೆರಿಕದಿಂದ ಎರವಲಾಗಿ ಬಂದಿದ್ದ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನಗಳು ಕಾನಪುರದ ಬಯಲಿನಲ್ಲಿ ರಾಶಿ ಬಿದ್ದಿದ್ದವು. ಯಾರೂ ಮತ್ತೆ ಹಾರಿಸಬಾರದೆಂದು ಬ್ರಿಟಿಷರು ಬೇಕೆಂತಲೇ ಅವನ್ನು ಜಖಂ ಮಾಡಿ ಹೋಗಿದ್ದರು. 1948ರಲ್ಲಿ ನಮ್ಮ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅಲ್ಲಿಗೆ ಹೋಗಿ ಒಂದೊಂದನ್ನೂ ಮುಟ್ಟಿ ನೋಡಿ, ಈ ವಿಮಾನದ ಅಂಗ ಆ ವಿಮಾನಕ್ಕೆ ಹೊಂದಿಸಿ, ಹಾರುವಷ್ಟರ ಮಟ್ಟಿಗೆ ಸರಿಮಾಡಿದರು. ಜಮ್‌ಶೆಡ್ ಮುನ್ಷಿ ಎಂಬ ವೈಮಾನಿಕರು ಅವನ್ನು ಕಾನಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಗುಜರಿಗೆ ಬಿದ್ದ ವಿಮಾನವನ್ನು ಅಷ್ಟು ದೂರ ತರಲು ಎಂಥ ಎದೆಗಾರಿಕೆ ಬೇಕೆಂದು ತಾವೇ ಊಹಿಸಿರಿ. ಬೆಂಗಳೂರಿನಲ್ಲಿ ಪೂರ್ಣ ರಿಪೇರಿಯಾಗಿ ಸುಮಾರು 40 ವಿಮಾನಗಳು ಭಾರತದ ವಾಯುಪಡೆಗೆ ಸೇರಿದವು. ಅವುಗಳಿಂದ 1948ರ ನವೆಂಬರಿನಲ್ಲಿ 5ನೆಯ ಸ್ಕ್ವಾಡ್ರನ್ ಕಟ್ಟಲಾಯಿತು. 1967ರ ಕೊನೆಯವರೆಗೂ ಅವು ದುಡಿದವು. ಇಂದು ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಲಿಬರೇಟರ್ ಕೂಡ ಭಾರತ ಕೊಟ್ಟದ್ದು. ಒಡೆದು ಹೋದವರ ಮನೆಗೇ ಜೋಡಿಸಿದ್ದನ್ನು ಕಳಿಸಿಕೊಟ್ಟಂತಾಯಿತು.

ಈಗ ಭಯದ ಮಾತು. ಇದನ್ನು ಮನೆಯ ಹೆಂಗಸರು, ಮಕ್ಕಳು ಕೂಡಿ ಕೇಳಬೇಕು.

ರಾಶಿಯಲ್ಲಿ ಹಿತ್ತಾಳೆಯ ಒಂದು ದೊಡ್ಡ ಕೊಳವೆ ಇತ್ತು. ಬುಡದಲ್ಲಿ 25 ಎಂಬ ಅಂಕೆ, ಪಕ್ಕದಲ್ಲಿ ಪಿ.ಆರ್. ಎಂಬ ಅಕ್ಷರ, ಒಂದು ಇಸವಿ. 25 ಪೌಂಡಿನ ತೋಪಿನ ಗುಂಡಿನ ಖಾಲಿ ಕೋಶ ಅದು. ಅನೇಕ ಮನೆಗಳಲ್ಲಿ ಇಂಥವನ್ನು ತಿಕ್ಕಿ ಹೊಳಪು ಬರಿಸಿ ಹೂವಿನ ಕುಂಡ ಮಾಡಿಟ್ಟಿರುತ್ತಾರೆ. ಖಾಲಿ ಕೋಶವೆಂದರೆ ನಿರಪಾಯವೆಂದೇ ಎಲ್ಲರ ಎಣಿಕೆ. ಬುಡದ ನಡುವಿನ ಬಿಲ್ಲೆಯನ್ನು ನೋಡಬೇಕು. ಸಿಡಿಮದ್ದಿಗೆ ಕಿಡಿ ಕೊಡುವ ಅಂಗ ಅದು. ಅಲ್ಲಿ ಸುತ್ತಿಗೆ ಮೊಳೆ ಹೊಡೆದಂತೆ ತಗ್ಗು ಬಿದ್ದಿದ್ದರೆ ಗುಂಡು ಹಾರಿಹೋಗಿದೆ. ಬಿಲ್ಲೆ ಮಟ್ಟವಾಗಿದ್ದರೆ ಒಳಗಿನ ಕಿಡಿ ಇನ್ನೂ ಜೀವಂತವಿರಬಹುದು. ಅಂಥದನ್ನು ಬಡಿಯುವುದು, ಕಾಯಿಸುವುದು, ಬೆಸುಗೆ ಹಾಕುವುದು ಕೂಡದು. ಸಣ್ಣ ತೋಟಾಗಳ ಬುಡದಲ್ಲಿ ಕೆ, ಎಫ್ ಎಂದು ಕಂಡರೆ ಅದು ಪುಣೆಯ ಬಳಿಯ ಖಡ್ಕಿ ಕಾರ್ಖಾನೆಯದು. ತಲೆಯಲ್ಲಿ ಗುಂಡು ಕುಳಿತಿರುವ ತೋಟಾವನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು 1959ರ ಆಯುಧ ಕಾಯಿದೆಯ ಮೇರೆಗೆ ಅಪರಾಧ. ಹರಾಜಿನ ರಸೀದಿ ತೋರಿಸಿದರೆ ಅದು ಪರವಾನಗಿಯಾಗುವುದಿಲ್ಲ.

ಆ ರಾಶಿಯ ತಳದಲ್ಲಿ ಸೀತಾಫಲದಂಥ ಒಂದು ಕಬ್ಬಿಣದ ಕಾಯಿ ಇತ್ತು. ಮೈಯೆಲ್ಲ ಗಂಟು ಗಂಟು. ಮಂಡಿಯ ಹುಡುಗನೊಬ್ಬ ಅದನ್ನು ಕಾಗದ ಹಾರದಂತೆ ಲೆಕ್ಕದ ಪುಸ್ತಕದ ಮೇಲೆ ಇಟ್ಟಿದ್ದ. ಎಲ್ಲರನ್ನೂ ಅಂಗಳಕ್ಕೆ ಹೊರಡಿಸಿ, ಬಾಗಿಲು ಎಳೆದು, ಪೋಲೀಸರಿಗೆ ಹೇಳಿಕಳಿಸಿದೆವು. ಬಲ್ಲವರು ಬಂದು ನೋಡಿದರು. ಕವಾಯತು ಕಲಿಸಲು ಮಾಡಿದ್ದ ಬರಿಯ ಚಿಪ್ಪು. ಪಕ್ಕೆಯಲ್ಲಿ ಕೊರೆದಿದ್ದ ತೂತುಗಳು ಜಿಡ್ಡು, ಮಣ್ಣು ಕೂಡಿ ಮುಚ್ಚಿಹೋಗಿದ್ದವು. ಊರವರು ನಾಲ್ಕು ದಿನ ನಗೆಯಾಡಿದರು. ಆಡಲಿ. 2004ರ ಸೆಪ್ಟೆಂಬರಿನಲ್ಲಿ ಗಾಜಿಯಾಬಾದಿನ ಬಳಿ ಸಾಹಿಬಾಬಾದಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಗುಜರಿಯೊಡನೆ ಬಂದಿದ್ದ ಜೀವಂತ ಗುಂಡು ಸಿಡಿದು 10 ಜನ ಸತ್ತರು. ಹೊರದೇಶದ ಯುದ್ಧಭೂಮಿಯ ಕಬ್ಬಿಣ ಅದು. ಯಾರೂ ವಿಂಗಡಿಸಿ ನೋಡಿರಲಿಲ್ಲ. ಇಂಥ ವಸ್ತು ಕಂಡರೆ ಇದ್ದಲ್ಲೇ ಬಿಟ್ಟು, ದೂರ ಸರಿದು, 112 ಅಂಕೆಗೆ ಫೋನು ಮಾಡಿರಿ. ತೂತು ಇದೆಯೇ ಎಂದು ತಿರುಗಿಸಿ ನೋಡಲು ಹೋಗಬೇಡಿರಿ.

ಕಣ್ಣಿಗೆ ಕಾಣದ ಅಪಾಯ ಇನ್ನೊಂದು. ಕತ್ತಲೆಯಲ್ಲಿ ಹೊಳೆಯಲೆಂದು ಹಳೆಯ ದಿಕ್ಸೂಚಿ, ವಿಮಾನದ ಗಡಿಯಾರಗಳ ಮುಳ್ಳಿಗೆ ರೇಡಿಯಂ ಬೆರೆತ ಬಣ್ಣ ಬಳಿಯುತ್ತಿದ್ದರು. ಕೆಲವು ದಶಕಗಳಲ್ಲಿ ಹೊಳಪು ಆರುತ್ತದೆ. ಆದರೆ ರೇಡಿಯಂ ಅರ್ಧವಾಗಲು ಸುಮಾರು 1600 ವರ್ಷ ಬೇಕು. ಹೊಳಪು ಹೋಯಿತೆಂದು ವಿಷ ಹೋಗಲಿಲ್ಲ. ಗಾಜು ಭದ್ರವಾಗಿರುವ ತನಕ ಕಪಾಟಿನಲ್ಲಿ ಇರಬಹುದು. ಗಾಜು ತೆಗೆದು ಬಣ್ಣ ಕೆರೆಯುವುದು, ಊದುವುದು ಮಾತ್ರ ಖಂಡಿತ ಬೇಡ. ದೆಹಲಿಯಲ್ಲಿ 2010ರ ಫೆಬ್ರವರಿಯಲ್ಲಿ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದ ಯಂತ್ರವೊಂದು ಹರಾಜಾಗಿ ಮಾಯಾಪುರಿಯ ಗುಜರಿಗೆ ಹೋಯಿತು. ಅದರೊಳಗೆ ಕೋಬಾಲ್ಟ್-60 ಇತ್ತು. ಕೊಂಡವರು ಕಬ್ಬಿಣವೆಂದು ಒಡೆದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಏಪ್ರಿಲಿನಲ್ಲಿ ತೀರಿಕೊಂಡ. ಅದು ದಂಡಿನ ಯಂತ್ರವಲ್ಲ, ವಿದ್ಯಾಲಯದ್ದು. ಮಾರಿದವರೂ ಗುರುತಿಸಲಿಲ್ಲ, ಕೊಂಡವರೂ ಗುರುತಿಸಲಿಲ್ಲ. ಇಂದು ಸರಕಾರದ ಹರಾಜುಗಳು ಬಹುಮಟ್ಟಿಗೆ ಕಂಪ್ಯೂಟರಿನ ಮೇಲೆಯೇ ನಡೆಯುತ್ತವೆ. ಚಿತ್ರ ನೋಡಿ ಬೆಲೆ ಕೂಗುತ್ತಾರೆ. ಕೂಗುವುದಕ್ಕೆ ಮುಂಚೆ ಮಾಲು ನೋಡಲು ಗೊತ್ತುಮಾಡಿದ ದಿನವಿರುತ್ತದೆ. ಅಂದು ಹೋಗಿ ಕಣ್ಣಾರೆ ನೋಡದೆ ಲಾಟು ಹಿಡಿಯುವುದು ಜಾಣತನವಲ್ಲವೆಂದು ನನ್ನ ಅಭಿಪ್ರಾಯ.

ರೇಡಿಯೋ ಇಟ್ಟುಕೊಂಡ ತಮಗೆ ರುಚಿಸುವ ಒಂದು ವಸ್ತುವೂ ಅಲ್ಲಿತ್ತು. ಹಸಿರು ಬಳಿದ ತೂಕದ ಪೆಟ್ಟಿಗೆ; ಎದುರಿಗೆ ದೊಡ್ಡ ದೊಡ್ಡ ತಿರುಪುಗಳು. ಪ್ರತಿಯೊಂದರ ಬಳಿ ಇಂಗ್ಲಿಷಿನಲ್ಲಿ ಒಂದು ಹೆಸರು, ಅದರ ಜೊತೆಗೇ ತಲೆಕೆಳಗಾದಂಥ, ಕನ್ನಡಿಯಲ್ಲಿ ಕಂಡಂಥ ಅಕ್ಷರಗಳು. ವರ್ತಕರ ಮಗ ಪಿಸುಮಾತಿನಲ್ಲಿ 'ರಷ್ಯದ ಗೂಢಚಾರರದು' ಎಂದ. ಗೂಢಚಾರ ತನ್ನ ಪೆಟ್ಟಿಗೆಯ ಮೇಲೆ ತನ್ನ ಭಾಷೆ ಬರೆದುಕೊಂಡು ತಿರುಗುವನೇ? ಅದು 19ನೆಯ ನಂಬರಿನ ವೈರ್‌ಲೆಸ್ ಸೆಟ್. ಟ್ಯಾಂಕುಗಳಿಗಾಗಿ ಇಂಗ್ಲೆಂಡಿನಲ್ಲಿ ರೂಪಿಸಿದ್ದು. ಕೆನಡಾದಲ್ಲಿ ಲೆಕ್ಕವಿಲ್ಲದಷ್ಟು ಮಾಡಿದರು. ಸೋವಿಯತ್ ದಂಡಿಗೂ ಕಳಿಸಬೇಕಾಗಿದ್ದುದರಿಂದ ಎರಡು ಭಾಷೆಯಲ್ಲೂ ಹೆಸರು ಬರೆದರು. ಅಂಥವೇ ನಮ್ಮ ದೇಶಕ್ಕೂ ಬಂದವು. ಯುದ್ಧಾನಂತರ ಇಂಥ ಪೆಟ್ಟಿಗೆಗಳನ್ನು ಅಗ್ಗಕ್ಕೆ ಕೊಂಡು ಹವ್ಯಾಸಿ ರೇಡಿಯೋದವರು ದೂರ ದೂರದ ದನಿ ಹಿಡಿದರು. ಬಿ.ಇ.ಎಲ್. ಎಂಬ ಮೂರಕ್ಷರವಿರುವ ಪೆಟ್ಟಿಗೆ ಸಿಕ್ಕರೆ ಅದು 1954ರಲ್ಲಿ ಹುಟ್ಟಿದ ನಮ್ಮ ಜಾಲಹಳ್ಳಿಯ ಕಾರ್ಖಾನೆಯದು. ಹಿಂದೆ ಮನೆಯ ರೇಡಿಯೋಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸು ಕಟ್ಟುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಕಾಲ ಹೋಯಿತು. ಆದರೆ ದನಿಯನ್ನು ಕಳಿಸಬಲ್ಲ ಯಂತ್ರಕ್ಕೆ ಇಂದಿಗೂ ಅನುಮತಿ ಬೇಕು.

ಕೊನೆಗೆ ಉಳಿದದ್ದು ಒಂದು ಊಟದ ತಟ್ಟೆ. ಒಂದರೊಳಗೆ ಒಂದು ಕೂರುವ, ಹಿಡಿಕೆ ಮಡಚುವ ಚೌಕದ ಅಲ್ಯೂಮಿನಿಯಂ ಡಬ್ಬಿ. ಹಿಡಿಕೆಯ ಮೇಲೆ ಐ ಅಕ್ಷರದ ಬಾಣ, 1942 ಎಂಬ ಇಸವಿ. ತೂಕಕ್ಕೆ ಹಾಕಲು ಗುಮಾಸ್ತ ತಕ್ಕಡಿ ಎತ್ತಿದ್ದ. ಮುಚ್ಚಳವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಮೊಳೆಯಿಂದ ಗೀಚಿದ ಕನ್ನಡ ಅಕ್ಷರ ಕಂಡವು. ಗುಮಾಸ್ತ ಓದಿದ: 'ಹೊಸದು.' ತಟ್ಟೆ ಹೊಸದಾಗಿದ್ದಾಗ ಬರೆದಿರಬೇಕೆಂದು ಎಲ್ಲರೂ ನಕ್ಕರು. ಮುಚ್ಚಳದ ಅಂಚು ಅಲ್ಲಿ ಜಜ್ಜಿಹೋಗಿತ್ತು. ಜಜ್ಜಿದ ಜಾಗದ ಆಚೆ ಕೊಕ್ಕೆಯಂಥ ಒಂದು ಸಣ್ಣ ಗೆರೆ ಉಳಿದಿತ್ತು. ಅದು ಅರ್ಕಾವೊತ್ತು. ದು ಅಕ್ಷರಕ್ಕೂ ಅರ್ಕಾವೊತ್ತಿಗೂ ನಡುವೆ ಒಂದೇ ಅಕ್ಷರದ ಜಾಗ. ಆ ಜಾಗದಲ್ಲಿ ಗ ಇಟ್ಟು ಓದಿದರೆ ಹೊಸದುರ್ಗ.

ನಗೆ ನಿಂತಿತು. ಮೈಸೂರು ಇನ್‌ಫೆಂಟ್ರಿಯ ಒಂದನೆಯ ಪಟಾಲಮು 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಅಲ್ಲಿಯೇ ಇತ್ತು. ಬೆಂಗಳೂರಿನ ಸ್ಯಾಪರ್ ಪಡೆಯಲ್ಲಿಯೂ ನಮ್ಮವರು ದುಡಿದರು. ಈ ತಟ್ಟೆಯಲ್ಲಿ ಉಂಡವನು ಯಾವ ಪಡೆಯವನೆಂದು ತಟ್ಟೆ ಹೇಳುವುದಿಲ್ಲ. ಊರಿನ ಹೆಸರು ಮಾತ್ರ ಹೇಳುತ್ತದೆ. ಒಳ ಡಬ್ಬಿಯ ತಳದಲ್ಲಿ ಇನ್ನೂ ಎರಡು ಅಕ್ಷರಗಳಿವೆ. ಅವನ್ನು ನಾನು ಇಲ್ಲಿ ಓದಿ ಹೇಳುವುದಿಲ್ಲ. ಹೊಸದುರ್ಗದ ಕಡೆಯ ಯಾವ ಮನೆಯಿಂದಾದರೂ ಆ ವರ್ಷಗಳಲ್ಲಿ ದಂಡಿಗೆ ಹೋದವರು ಇದ್ದರೆ, ಅವರ ಹೆಸರು ಬಲ್ಲ ಹಿರಿಯರು ಭೀಮಸಮುದ್ರಕ್ಕೆ ಬಂದು ಆ ಎರಡು ಅಕ್ಷರ ಯಾವುವೆಂದು ಮೊದಲು ತಾವೇ ಹೇಳಲಿ. ಹೊಂದಿದರೆ ತಟ್ಟೆ ಅವರದು. ವರ್ತಕರು ಅದಕ್ಕೆ ಕಾಸು ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ. ಬರುವವರು ಅಡಿಕೆ ಸಂತೆಯ ದಿನ ಬಿಟ್ಟು ಬೇರೆ ದಿನ ಬರುವುದು ಒಳ್ಳೆಯದು.